ರಾತ್ರಿ ಹೊತ್ತು ಕಾಡಂಚಿನ ರಸ್ತೆಯಲ್ಲಿ ಗಾಡಿ ಓಡಿಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆ ಪೊನ್ನಂಪೇಟೆ ಕಡೆ. ಕೆಲಸ ಬೆಂಗಳೂರಿನಲ್ಲಿ. ತಿಂಗಳಿಗೆ ಎರಡು ಸಲವಾದರೂ ಹುಣಸೂರು, ಆನೆಚೌಕೂರು, ತಿತಿಮತಿ ದಾರಿಯಲ್ಲಿ ಹೋಗಿ ಬರುತ್ತೇನೆ. ಹೊಸದಾಗಿ ಕಾರು ತಗೊಂಡವರು, ಊರಿಗೆ ಬರುವ ಗೆಳೆಯರು, ವಯನಾಡಿಗೋ ಊಟಿಗೋ ಹೊರಟ ಆಫೀಸಿನವರು ಫೋನ್ ಮಾಡಿ ಹೆಚ್ಚುಕಡಿಮೆ ಇದೇ ಪ್ರಶ್ನೆಗಳನ್ನು ಕೇಳುತ್ತಾರೆ. ಒಬ್ಬೊಬ್ಬರಿಗೂ ಹೇಳುವ ಬದಲು ಎಲ್ಲವನ್ನೂ ಇಲ್ಲಿ ಬರೆದಿಟ್ಟಿದ್ದೇನೆ.

ಅಷ್ಟು ದೊಡ್ಡ ಕಾಡಿದೆ. ಪ್ರಾಣಿಗಳು ರಸ್ತೆಗೇ ಯಾಕೆ ಬರುತ್ತವೆ?

ರಸ್ತೆ ನಮ್ಮ ಲೆಕ್ಕದಲ್ಲಿ ಕಾಡಿನ ಹೊರಗಿದೆ. ಅವುಗಳ ಲೆಕ್ಕದಲ್ಲಿ ಅದೂ ಕಾಡೇ. ನೀರು ಈ ಕಡೆ, ಮೇವು ಆ ಕಡೆ ಇದ್ದರೆ ಮಧ್ಯದಲ್ಲಿ ಡಾಂಬರು ಇದೆ ಅಂತ ಆನೆ ದಾರಿ ಬದಲಿಸುವುದಿಲ್ಲ.

ಇನ್ನೂ ಒಂದು ಕಾರಣ ಇದೆ. ಬೆಂಕಿ ಹರಡಬಾರದು, ಓಡಿಸುವವರಿಗೆ ದೂರ ಕಾಣಬೇಕು ಅಂತ ರಸ್ತೆಯ ಎರಡೂ ಬದಿ ಪೊದೆ ಸವರುತ್ತಾರೆ. ಒಂದು ಮಳೆ ಬಿದ್ದರೆ ಸಾಕು, ಅಲ್ಲಿ ಎಳೆ ಹುಲ್ಲು ಚಿಗುರುತ್ತದೆ. ಒಳಗಡೆ ಲಂಟಾನ ತುಂಬಿರುವ ಕಡೆ ಹುಲ್ಲೇ ಇರುವುದಿಲ್ಲ. ಹಾಗಾಗಿ ಜಿಂಕೆಗಳು ರಸ್ತೆ ಬದಿಗೆ ಬರುತ್ತವೆ. ಬಯಲಾದ್ದರಿಂದ ಚಿರತೆ ಬಂದರೂ ದೂರದಿಂದಲೇ ಕಾಣುತ್ತದೆ ಅನ್ನುವ ಧೈರ್ಯವೂ ಅವಕ್ಕಿದೆ. ರಾತ್ರಿ ಹಿಂಡು ಹಿಂಡಾಗಿ ಅಲ್ಲೇ ಮಲಗಿರುತ್ತವೆ. ಹಗಲಿಡೀ ಕಾದ ಡಾಂಬರು ರಾತ್ರಿಯೂ ಬೆಚ್ಚಗಿರುವುದರಿಂದ ಹಾವುಗಳು ಅದರ ಮೇಲೆ ಬಂದು ಮಲಗುತ್ತವೆ.

ಮೂರನೆಯದು ನಾವೇ ಮಾಡಿಕೊಂಡದ್ದು. ಕಿಟಕಿಯಿಂದ ಎಸೆದ ಚಿಪ್ಸ್ ಪ್ಯಾಕೆಟ್, ಬಾಳೆಹಣ್ಣಿನ ಸಿಪ್ಪೆ, ಬಿಸ್ಕತ್ತು. ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಹೋಗುವ ದಾರಿಯಲ್ಲಿ ಕಬ್ಬಿನ ಲಾರಿಗಳನ್ನೇ ಕಾದು ನಿಲ್ಲುವ ಆನೆಗಳಿವೆ. ಲಾರಿಯಿಂದ ಕಬ್ಬು ಬಿದ್ದು, ಕೆಲವರು ತಾವಾಗಿ ಎಸೆದು ಎಸೆದು ಅವಕ್ಕೆ ರೂಢಿಯಾಗಿದೆ. ಮುದ್ದಿಗೆ ಅಂತ ತಿಂಡಿ ಹಾಕುವವರು ಆ ಪ್ರಾಣಿಯನ್ನು ಮುಂದಿನ ಗಾಡಿಯ ಚಕ್ರದ ಕಡೆಗೆ ಕರೆಯುತ್ತಿದ್ದಾರೆ. ದಯವಿಟ್ಟು ಹಾಕಬೇಡಿ.

ಬಂಡೀಪುರ, ನಾಗರಹೊಳೆ ದಾಟುವಾಗ ಮಾತ್ರ ಹುಷಾರಾಗಿದ್ದರೆ ಸಾಕಲ್ವಾ?

ಸಾಲದು. 2023ರ ಗಣತಿಯಲ್ಲಿ ಕರ್ನಾಟಕದಲ್ಲಿ 6,395 ಆನೆಗಳಿವೆ ಅಂತ ಅಂದಾಜಾಯಿತು, ದೇಶದಲ್ಲೇ ಜಾಸ್ತಿ. ಅವೆಲ್ಲ ಅಭಯಾರಣ್ಯದ ಬೋರ್ಡ್ ಒಳಗೇ ಇರುವುದಿಲ್ಲ. ಸಕಲೇಶಪುರ, ಆಲೂರು ಕಡೆ ಕಾಫಿ ತೋಟದಲ್ಲೇ ಇವೆ. ದಕ್ಷಿಣ ಕೊಡಗಿನಲ್ಲೂ ಹಾಗೇ. ಕುದುರೆಮುಖದ ದಾರಿಯಲ್ಲಿ ಕಾಟಿಗಳು, ಅಂದರೆ ಕಾಡುಕೋಣಗಳು, ಸಿಗುತ್ತವೆ. ರಾಮನಗರ, ಮಾಗಡಿ, ತುಮಕೂರು ಸುತ್ತ ಚಿರತೆ. ದರೋಜಿ ಕಡೆ ಕರಡಿ. ಕಾಡುಹಂದಿಯಂತೂ ಕಬ್ಬಿನ ಗದ್ದೆ, ಜೋಳದ ಹೊಲ ಇರುವ ಕಡೆಯೆಲ್ಲ ಇದೆ. ಎರಡೂ ಬದಿ ಬೆಳೆ ಎತ್ತರವಾಗಿ ನಿಂತಿದ್ದರೆ ಅದನ್ನೂ ಕಾಡು ಅಂತಲೇ ಲೆಕ್ಕ ಹಾಕಿ.

ಯಾವ ಹೊತ್ತಿನಲ್ಲಿ ಅಪಾಯ ಜಾಸ್ತಿ?

ಸೂರ್ಯ ಮುಳುಗಿ ಒಂದೆರಡು ಗಂಟೆ, ಮತ್ತೆ ಬೆಳಗಿನ ಜಾವ. ಜಿಂಕೆ, ಕಡವೆ, ಕಾಟಿ ಮೇಯುವ ಹೊತ್ತು ಅದು. ಮುಸ್ಸಂಜೆಯಲ್ಲಿ ಇನ್ನೊಂದು ತೊಡಕಿದೆ. ಆಕಾಶದಲ್ಲಿ ಬೆಳಕು ಉಳಿದಿರುತ್ತದೆ, ನೆಲ ಕತ್ತಲಾಗಿರುತ್ತದೆ. ಹೆಡ್‌ಲೈಟ್ ಹಾಕಿದರೂ ಬೆಳಕು ಬಿದ್ದ ಹಾಗೆ ಕಾಣುವುದಿಲ್ಲ. "ಇನ್ನೂ ಕಾಣ್ತಾ ಇದೆ" ಅಂತ ವೇಗ ಇಳಿಸದೆ ಹೋಗುತ್ತೇವೆ.

ನಡುರಾತ್ರಿ ಎರಡರಿಂದ ಐದರವರೆಗೆ ಪ್ರಾಣಿಗಿಂತ ನಮ್ಮ ನಿದ್ದೆಯ ಭಯವೇ ದೊಡ್ಡದು. ಅದರ ಬಗ್ಗೆ ಮುಂದೆ ಬರೆದಿದ್ದೇನೆ.

ಎಷ್ಟು ವೇಗದಲ್ಲಿ ಹೋಗಬೇಕು?

ಇಡೀ ಪುಟದಲ್ಲಿ ಒಂದೇ ಉತ್ತರ ಓದುತ್ತೀರಿ ಅಂದರೆ ಇದನ್ನು ಓದಿ. ನಿಮ್ಮ ಲೈಟು ಎಲ್ಲಿಯವರೆಗೆ ಬೀಳುತ್ತದೋ ಅಷ್ಟರೊಳಗೆ ಗಾಡಿ ನಿಲ್ಲಬೇಕು. ನಿಲ್ಲುವುದಿಲ್ಲ ಅಂದರೆ ನೀವು ಜಾಸ್ತಿ ವೇಗದಲ್ಲಿದ್ದೀರಿ. ಬೋರ್ಡ್ ಮೇಲೆ 60 ಅಂತ ಬರೆದಿದ್ದರೂ ಸರಿ, 80 ಅಂತ ಬರೆದಿದ್ದರೂ ಸರಿ.

ಲೆಕ್ಕ ಹಾಕಿ ನೋಡೋಣ. ಡಿಮ್ ಲೈಟಿನಲ್ಲಿ ಚೆನ್ನಾಗಿ ಕಾಣುವುದು ಸುಮಾರು 50 ಮೀಟರ್. ಏನೋ ಅಡ್ಡ ಬಂತು ಅಂತ ಕಣ್ಣಿಗೆ ಬಿದ್ದು, ತಲೆಗೆ ಹೊಳೆದು, ಕಾಲು ಬ್ರೇಕಿಗೆ ಹೋಗಲು ಒಂದೂವರೆ ಸೆಕೆಂಡ್ ಬೇಕು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿದ್ದರೆ ಅಷ್ಟರಲ್ಲೇ ಗಾಡಿ 25 ಮೀಟರ್ ಮುಂದೆ ಹೋಗಿರುತ್ತದೆ. ಒಣಗಿದ, ಒಳ್ಳೆಯ ರಸ್ತೆಯಲ್ಲಿ ಬ್ರೇಕ್ ಹಿಡಿದು ನಿಲ್ಲಲು ಇನ್ನೂ ಸುಮಾರು 20 ಮೀಟರ್. ಒಟ್ಟು 45. ಅಂದರೆ ಲೈಟಿನ ಅಂಚಿನಲ್ಲಿ ಕಂಡ ಕಡವೆಗೆ ಐದು ಮೀಟರ್ ದೂರದಲ್ಲಿ ನಿಂತಿರಿ. 80ರಲ್ಲಿ ಇದೇ ಲೆಕ್ಕ ಸುಮಾರು 69 ಮೀಟರ್ ಆಗುತ್ತದೆ. ನಿಲ್ಲಲು ಸಾಧ್ಯವೇ ಇಲ್ಲ. 100ರಲ್ಲಿ ಹೋಗುತ್ತಿದ್ದರೆ ಬ್ರೇಕ್ ಕಚ್ಚುವ ಹೊತ್ತಿಗೆ 42 ಮೀಟರ್ ಮುಗಿದಿರುತ್ತದೆ. ಬಹುತೇಕ ಅದೇ ವೇಗದಲ್ಲಿ ಹೋಗಿ ಹೊಡೆಯುತ್ತೀರಿ. 40ರಲ್ಲಿದ್ದರೆ ಒಟ್ಟು 26 ಮೀಟರಿಗೆ ನಿಂತಿರುತ್ತೀರಿ. ಪ್ರಾಣಿಗೂ ನಿಮಗೂ ಮಧ್ಯೆ ಇನ್ನೂ ಅಷ್ಟೇ ಜಾಗ ಉಳಿದಿರುತ್ತದೆ.

ರಸ್ತೆ ಒದ್ದೆ ಇದ್ದರೆ, ಟೈರ್ ಸವೆದಿದ್ದರೆ, ಇಳಿಜಾರಿದ್ದರೆ ಈ ಯಾವ ಲೆಕ್ಕವೂ ನಡೆಯುವುದಿಲ್ಲ. ಇನ್ನೂ ಇಳಿಸಿ. ಕಾಡಿನ ಪಟ್ಟಿ ಸಾಮಾನ್ಯವಾಗಿ 20 ಕಿಲೋಮೀಟರ್ ಇರುತ್ತದೆ. ಅದನ್ನು 60ರ ಬದಲು 40ರಲ್ಲಿ ದಾಟಿದರೆ ಹತ್ತು ನಿಮಿಷ ತಡವಾಗುತ್ತದೆ. ಅಷ್ಟೇ.

ಹೈ ಬೀಮ್ ಹಾಕಿಕೊಂಡೇ ಹೋದರೆ ದೂರ ಕಾಣುತ್ತದಲ್ಲ?

ಎದುರಿಗೆ ಗಾಡಿ ಇಲ್ಲದಾಗ ಹಾಕಬಹುದು, ಹಾಕಲೂಬೇಕು. ಎದುರು ಗಾಡಿ ಬಂದಾಗ ಡಿಮ್ ಮಾಡಿ. ಅವರು ಮಾಡದಿದ್ದರೂ ನೀವು ಮಾಡಿ. ಇಬ್ಬರೂ ಕುರುಡಾಗಿ ಏನು ಬಂತು? ಅವರ ಲೈಟನ್ನು ದಿಟ್ಟಿಸದೆ ರಸ್ತೆಯ ಎಡ ಅಂಚಿನ ಬಿಳಿ ಗೆರೆ ನೋಡಿಕೊಂಡು ನಿಧಾನಕ್ಕೆ ಹೋಗಿ. ಆ ಗಾಡಿ ದಾಟಿದ ಮೇಲಿನ ಎರಡು ಮೂರು ಸೆಕೆಂಡ್ ಕಣ್ಣಿಗೆ ಏನೂ ಸರಿಯಾಗಿ ಕಾಣುವುದಿಲ್ಲ. ಆಗ ಆಕ್ಸಿಲರೇಟರ್ ಒತ್ತಬೇಡಿ.

ಪ್ರಾಣಿ ಕಂಡರೂ ಡಿಮ್ ಮಾಡಿ. ಜಿಂಕೆ, ಮೊಲದ ಕಣ್ಣು ಕತ್ತಲಲ್ಲಿ ನೋಡಲೆಂದೇ ಆಗಿರುವುದು. ಅದರ ಮೇಲೆ ಹೈ ಬೀಮ್ ಬಿದ್ದರೆ ಅದಕ್ಕೆ ಬರೀ ಬೆಳ್ಳಗೆ ಕಾಣುತ್ತದೆ. ಗಾಡಿ ಎಷ್ಟು ದೂರ ಇದೆ, ಯಾವ ಕಡೆ ಓಡಬೇಕು, ಒಂದೂ ಗೊತ್ತಾಗದೆ ನಿಂತುಬಿಡುತ್ತದೆ. ಮಂಜಿನಲ್ಲೂ ಹೈ ಬೀಮ್ ಬೇಡ. ಬೆಳಕು ಮಂಜಿಗೆ ಬಡಿದು ನಿಮ್ಮ ಕಣ್ಣಿಗೇ ವಾಪಸ್ ಬರುತ್ತದೆ.

ಕಣ್ಣು ಹೊಳೆಯುವುದು ನೋಡಿಯೇ ಪ್ರಾಣಿ ಇದೆ ಅಂತ ಗೊತ್ತಾಗುತ್ತದೆ ಅನ್ನುತ್ತಾರೆ. ನಿಜವಾ?

ಅರ್ಧ ನಿಜ. ಜಿಂಕೆ, ಕಡವೆ, ಚಿರತೆ, ದನ, ನಾಯಿ, ಇವುಗಳ ಕಣ್ಣಿನ ಹಿಂದೆ ಕನ್ನಡಿಯಂಥ ಒಂದು ಪದರ ಇರುತ್ತದೆ. ಅದಕ್ಕೇ ಹೊಳೆಯುತ್ತದೆ. ಹಂದಿಗೆ ಆ ಪದರ ಇಲ್ಲ. ಕಾಡುಹಂದಿ ಕಪ್ಪಗೆ, ಕುಳ್ಳಗೆ, ಕಣ್ಣೂ ಹೊಳೆಯದೆ ಬರುತ್ತದೆ. ಹೊಳೆಯುವ ಪ್ರಾಣಿಯೂ ಆ ಕಡೆ ಮುಖ ಮಾಡಿ ನಿಂತಿದ್ದರೆ ಏನು ಹೊಳೆಯುತ್ತದೆ? ಆನೆಯದ್ದು ಇನ್ನೊಂದು ತರಹ. ಅದರ ಬಣ್ಣ ರಸ್ತೆಯ ಬಣ್ಣವೇ. ಡಿಮ್ ಲೈಟು ಕೆಳಗೆ ಬೀಳುತ್ತದೆ, ಆನೆಯ ಮೈ ಮೇಲೆ ಇರುತ್ತದೆ. ಮೊದಲು ಕಾಣುವುದು ನಾಲ್ಕು ಕಾಲು. ಅದನ್ನು ಮರದ ಬುಡ ಅಂದುಕೊಳ್ಳುವುದು ತುಂಬಾ ಸುಲಭ.

ನಮ್ಮ ಮನೆಯಲ್ಲಿ ಒಂದು ಪದ್ಧತಿ ಇದೆ. ಪಕ್ಕದ ಸೀಟಿನಲ್ಲಿ ಕೂತವರು ಎಡ ಅಂಚನ್ನು ಮಾತ್ರ ನೋಡಬೇಕು. ಏನೇ ಅಲುಗಿದರೂ "ಎಡಗಡೆ" ಅಂತ ಒಂದೇ ಮಾತು. ನಾಲ್ಕು ಕಣ್ಣು ಎರಡಕ್ಕಿಂತ ಮೇಲು. ಪಕ್ಕದವರಿಗೂ ನಿದ್ದೆ ಬರುವುದಿಲ್ಲ.

ಪ್ರಾಣಿ ಎದುರಿಗೆ ಬಂದೇ ಬಿಟ್ಟಿತು. ಬ್ರೇಕ್ ಹಾಕಬೇಕಾ, ಸ್ಟಿಯರಿಂಗ್ ತಿರುಗಿಸಬೇಕಾ?

ಬ್ರೇಕ್. ನೇರವಾಗಿ, ಗಟ್ಟಿಯಾಗಿ. ಎಬಿಎಸ್ (ಜೋರಾಗಿ ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದ ಹಾಗೆ ತಡೆಯುವ ವ್ಯವಸ್ಥೆ) ಇರುವ ಗಾಡಿಯಲ್ಲಿ ಪೆಡಲ್ ಗಡಗಡ ಅನ್ನುತ್ತದೆ, ಕಾಲು ತೆಗೆಯಬೇಡಿ. ಒಮ್ಮೆಗೇ ಸ್ಟಿಯರಿಂಗ್ ತಿರುಗಿಸಿದರೆ ಗಾಡಿ ಮಗುಚಬಹುದು, ಮರಕ್ಕೆ ಹೊಡೆಯಬಹುದು, ಎದುರಿನ ಲಾರಿಯ ಕೆಳಗೆ ಹೋಗಬಹುದು. ಪ್ರಾಣಿಯೂ ಅದೇ ಕಡೆ ಹಾರಿದರೆ ಅದೂ ಉಳಿಯುವುದಿಲ್ಲ. ಒಂದು ಜಿಂಕೆ ದಾಟಿತು ಅಂದರೆ ನಿಂತು ಕಾಯಿರಿ. ಹಿಂದೆ ಇನ್ನೆರಡು ಇದ್ದೇ ಇರುತ್ತವೆ. ದಾಟಿ ಹೋದದ್ದು ವಾಪಸ್ ಬರುವುದೂ ಉಂಟು.

ಇದನ್ನು ನಾನು ಕಲಿತದ್ದು ತಪ್ಪು ಮಾಡಿ. ಕೆಲವು ವರ್ಷಗಳ ಹಿಂದೆ, ಒಂದು ಶುಕ್ರವಾರ, ಆಫೀಸು ಮುಗಿಸಿ ಹೊರಟಿದ್ದೆ. ಮೈಸೂರಿನಲ್ಲಿ ಊಟ ಮಾಡಿ ಹುಣಸೂರು ದಾಟಿದಾಗ ರಾತ್ರಿ ಹನ್ನೊಂದೂವರೆ. ರಸ್ತೆ ಖಾಲಿ. 70ರಲ್ಲಿ ಹೋಗುತ್ತಿದ್ದೆ. ಎಡಗಡೆಯಿಂದ ಒಂದು ಹೆಣ್ಣು ಕಡವೆ ದಾಟಿತು. ಅದು ಹೋಯಿತಲ್ಲ ಅಂತ ಬ್ರೇಕಿನಿಂದ ಕಾಲು ತೆಗೆದೆ. ಹಿಂದೆಯೇ ಅದರ ಮರಿ ಇತ್ತು. ಬಂಪರಿನ ಮೂಲೆಗೆ ತಗುಲಿತು. ಮರಿ ಬಿತ್ತು, ಎದ್ದಿತು, ಕುಂಟಿಕೊಂಡು ಕತ್ತಲೆಗೆ ಹೋಯಿತು. ತಾಯಿ ಆ ಕಡೆ ಬದಿಯಲ್ಲಿ ನಿಂತು ಕೂಗುತ್ತಿತ್ತು. ಕಡವೆ ಗಾಬರಿಯಾದರೆ ಕಾರಿನ ಹಾರ್ನ್ ತರಹವೇ ಕೂಗುತ್ತದೆ. ಮರಿ ಉಳಿಯಿತೋ ಇಲ್ಲವೋ ನನಗೆ ಗೊತ್ತಾಗಲೇ ಇಲ್ಲ. ಬಂಪರ್ ಮೂರು ದಿನದಲ್ಲಿ ಸರಿಹೋಯಿತು. ಆ ಕೂಗು ಈಗಲೂ ಅದೇ ತಿರುವಿನಲ್ಲಿ ನೆನಪಾಗುತ್ತದೆ.

ಆನೆ ರಸ್ತೆಯಲ್ಲೇ ನಿಂತಿದ್ದರೆ?

ದೂರದಲ್ಲೇ ನಿಲ್ಲಿಸಿ. 50 ಮೀಟರಿಗಿಂತ ಹತ್ತಿರ ಹೋಗಬೇಡಿ, ಇನ್ನೂ ದೂರ ಇದ್ದರೆ ಒಳ್ಳೆಯದು. ಲೈಟ್ ಡಿಮ್ ಮಾಡಿ. ಹಾರ್ನ್ ಬೇಡ, ಇಂಜಿನ್ ರೇಸ್ ಮಾಡುವುದು ಬೇಡ, ಫೋಟೋಗೆ ಫ್ಲ್ಯಾಶ್ ಬೇಡ. ಇಂಜಿನ್ ಚಾಲೂ ಇರಲಿ, ರಿವರ್ಸ್ ಗೇರಿಗೆ ಕೈ ಸಿದ್ಧವಾಗಿರಲಿ. ಏನೇ ಆದರೂ ಗಾಡಿಯಿಂದ ಇಳಿಯಬೇಡಿ.

ಸುಮ್ನೆ ಸೊಪ್ಪು ಮುರಿಯುತ್ತಾ, ಕಿವಿ ಆಡಿಸುತ್ತಾ ನಿಂತಿದ್ದರೆ ಅದಕ್ಕೆ ನಿಮ್ಮಿಂದ ತೊಂದರೆ ಆಗಿಲ್ಲ. ಕಿವಿ ಆಡಿಸುವುದು ನಿಲ್ಲಿಸಿ ಅಗಲ ಮಾಡಿ ನಿಮ್ಮ ಕಡೆ ತಿರುಗಿದರೆ, ಬಾಲ ಎತ್ತಿದರೆ, ಮಣ್ಣು ಕೆದರಿದರೆ ನಿಧಾನವಾಗಿ ಹಿಂದೆ ಸರಿಯಿರಿ. ಹಿಂದಿನ ಗಾಡಿಯವರಿಗೂ ಜಾಗ ಬೇಕಲ್ಲ, ಅದಕ್ಕೇ ಒಂದಕ್ಕೊಂದು ಅಂಟಿಸಿ ನಿಲ್ಲಿಸಬಾರದು. ಮರಿ ಇರುವ ಹಿಂಡು, ಮದ ಬಂದ ಸಲಗ, ಇವೆರಡರ ಹತ್ತಿರವಂತೂ ಸುಳಿಯಲೇಬೇಡಿ. ಹಿಂಡು ದಾಟುವಾಗ ಮಧ್ಯದಲ್ಲಿ ಸಂದಿ ಸಿಕ್ಕಿತು ಅಂತ ನುಗ್ಗುವವರನ್ನು ನಾನೇ ನೋಡಿದ್ದೇನೆ. ತಾಯಿಗೂ ಮರಿಗೂ ನಡುವೆ ಕಾರು ತಂದು ನಿಲ್ಲಿಸಿದರೆ ತಾಯಿ ಏನು ಮಾಡಬೇಕು, ಹೇಳಿ.

ಕಾಟಿಯ ವಿಷಯದಲ್ಲೂ ಇದೇ ಮಾತು. ಗಂಡು ಕಾಟಿ ಒಂದು ಸಾವಿರ ಕೆಜಿ ತನಕ ತೂಗುತ್ತದೆ. ಕಾಲು ಉದ್ದ. ಕಾರು ಕಾಲಿಗೆ ಹೊಡೆದರೆ ಆ ಮೈಯೆಲ್ಲ ಬಾನೆಟ್ ದಾಟಿ ಗಾಜಿನ ಮೇಲೆ ಬೀಳುತ್ತದೆ.

ಬಂಡೀಪುರದಲ್ಲಿ ರಾತ್ರಿ ರಸ್ತೆ ಮುಚ್ಚುವುದು ಯಾಕೆ? ಗೇಟು ಎಷ್ಟು ಗಂಟೆಗೆ?

ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 766 ಮತ್ತು ಊಟಿ ಕಡೆಗೆ ಹೋಗುವ 181, ಎರಡೂ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್. 2009ರಲ್ಲಿ ಶುರುವಾಯಿತು. 2010ರ ಮಾರ್ಚಿನಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿ ಹಿಡಿಯಿತು. ಆಂಬ್ಯುಲೆನ್ಸ್ ಮತ್ತು ನಿಗದಿಯಾದ ಕೆಲವೇ ಬಸ್ಸುಗಳಿಗೆ ಮಾತ್ರ ಬಿಡುತ್ತಾರೆ. ಎಚ್.ಡಿ. ಕೋಟೆ, ಬಾವಲಿ ಮೇಲೆ ಮಾನಂದವಾಡಿಗೆ ಹೋಗುವ ದಾರಿ ಇನ್ನೂ ಬೇಗ, ಸಂಜೆ 6ಕ್ಕೇ ಮುಚ್ಚುತ್ತದೆ. ಸಮಯ ಬದಲಾಗುವುದುಂಟು, ಹೊರಡುವ ಮುಂಚೆ ಕೇಳಿಕೊಳ್ಳಿ. ಮೊಬೈಲಿನ ಮ್ಯಾಪ್ ನಂಬಿ ಗೇಟಿನ ಮುಂದೆ ಹೋಗಿ ನಿಲ್ಲಬೇಡಿ.

ಇದರಲ್ಲಿ ಒಂದು ಸಂಗತಿ ಯಾರೂ ಹೇಳುವುದಿಲ್ಲ. ಅಪಾಯದ ಹೊತ್ತು ಗೇಟು ಮುಚ್ಚುವ ಮುಂಚಿನ ಅರ್ಧ ಗಂಟೆ. ಬತ್ತೇರಿ ದಾರಿಯ ಮದ್ದೂರು ಚೆಕ್‌ಪೋಸ್ಟಿನಲ್ಲೋ ಊಟಿ ದಾರಿಯ ಮೇಲುಕಾಮನಹಳ್ಳಿಯಲ್ಲೋ ಎಂಟೂವರೆಗೆ ಒಳಗೆ ಬಿಟ್ಟ ಗಾಡಿಗಳು ಒಂಬತ್ತರೊಳಗೆ ಆಚೆ ಹೋಗಬೇಕು ಅಂತ ಹಂಪ್ ಮೇಲೆ ಹಾರಿಸಿಕೊಂಡು ಹೋಗುತ್ತವೆ. ಬೆಳಿಗ್ಗೆ 6ಕ್ಕೆ ಗೇಟು ತೆಗೆದಾಗಲೂ ಅದೇ ನುಗ್ಗಾಟ. ಪ್ರಾಣಿಗಳು ರಸ್ತೆ ಬದಿಯಲ್ಲಿರುವ ಹೊತ್ತೂ ಅದೇ. ಏಳೂವರೆಗೇ ಗುಂಡ್ಲುಪೇಟೆ ಬಿಡಲು ಆಗದಿದ್ದರೆ ಅಲ್ಲೇ ಉಳಿದುಕೊಳ್ಳಿ.

ಹಾಗಾದರೆ ಬದಲಿ ದಾರಿಯಲ್ಲಿ ಹೋದರೆ ಚಿಂತೆ ಇಲ್ಲ ಅಲ್ವಾ?

ಬದಲಿ ದಾರಿ ಅಂದರೆ ನಮ್ಮ ದಾರಿಯೇ. ಹುಣಸೂರು, ಗೋಣಿಕೊಪ್ಪ, ಕುಟ್ಟ, ಮಾನಂದವಾಡಿ. ಇದು ರಾತ್ರಿಯೂ ತೆರೆದಿರುತ್ತದೆ, ಆದರೆ ಇದೂ ನಾಗರಹೊಳೆಯ ಅಂಚನ್ನು ಸೀಳಿಕೊಂಡೇ ಹೋಗುತ್ತದೆ. 2018ರ ಅಕ್ಟೋಬರ್‌ನಲ್ಲಿ ಮತ್ತಿಗೋಡು ಆನೆ ಶಿಬಿರದ ಹತ್ತಿರ ಇದೇ ರಸ್ತೆಯಲ್ಲಿ ಖಾಸಗಿ ಬಸ್ಸೊಂದು ಗುದ್ದಿ ಆನೆ ರಂಗ ಸತ್ತಿತು. ಹಿಂದೆ ಬೆಂಗಳೂರಿನ ಸುತ್ತಮುತ್ತ ಊರುಗಳಿಗೆ ನುಗ್ಗಿ ರೌಡಿ ರಂಗ ಅಂತ ಹೆಸರಾಗಿತ್ತು. ಹಿಡಿದು, ಪಳಗಿಸಿ, ಸಾಧುವಾಗಿಸಿದ್ದರು. ರಾತ್ರಿ ಮೇಯಲು ಬಿಟ್ಟಾಗ ರಸ್ತೆಗೆ ಬಂದಿತ್ತು. ಮಾವುತರು ಮಗುವಿನ ಹಾಗೆ ಸಾಕಿದ ಆನೆ. ಮತ್ತಿಗೋಡಿನ ಬೋರ್ಡ್ ಕಂಡಾಗ ನಾನು ಈಗಲೂ 30ಕ್ಕೆ ಇಳಿಸುತ್ತೇನೆ.

ನನಗೆ ರಾತ್ರಿ ಓಡಿಸಿ ಅಭ್ಯಾಸ ಇದೆ. ನಿದ್ದೆ ಬರುವುದಿಲ್ಲ. ಆದರೂ ನಿಲ್ಲಿಸಬೇಕಾ?

ನಿದ್ದೆ ಹೇಳಿ ಬರುವುದಿಲ್ಲ. ಬೆಳಗಿನ ಜಾವ ಎರಡರಿಂದ ಐದರವರೆಗೆ ದೇಹಕ್ಕೆ ಮಲಗುವ ಹೊತ್ತು. ಎಷ್ಟು ವರ್ಷ ಓಡಿಸಿದ್ದರೂ ಅದು ಬದಲಾಗುವುದಿಲ್ಲ. ಕಣ್ಣು ತೆರೆದಿರುವಾಗಲೇ ಮೂರು ನಾಲ್ಕು ಸೆಕೆಂಡ್ ಮನಸ್ಸು ಮಲಗಿಬಿಡುತ್ತದೆ. 80ರಲ್ಲಿದ್ದರೆ ನಾಲ್ಕು ಸೆಕೆಂಡಿಗೆ ಗಾಡಿ 89 ಮೀಟರ್ ಹೋಗುತ್ತದೆ, ಓಡಿಸುವವರೇ ಇಲ್ಲದೆ.

ಗುರುತು ಹೇಳುತ್ತೇನೆ. ಆಕಳಿಕೆ ಮೇಲೆ ಆಕಳಿಕೆ. ಕಣ್ಣು ಉರಿ. ಕತ್ತು ಒಂದು ಸಲ ಜೋಲಿ ಹೊಡೆಯುವುದು. ಕಳೆದ ಐದು ಕಿಲೋಮೀಟರಿನಲ್ಲಿ ಯಾವ ಊರು ಬಂತು ಅಂತ ನೆನಪಾಗದಿರುವುದು. ಚಕ್ರ ಮಣ್ಣಿಗಿಳಿದು ಸದ್ದಾದ ಮೇಲೆ ಎಚ್ಚರವಾಗುವುದು. ಇವುಗಳಲ್ಲಿ ಒಂದಾದರೂ ಮುಂದಿನ ಬೆಳಕಿರುವ ಜಾಗದಲ್ಲಿ ನಿಲ್ಲಿಸಿ. ಪೆಟ್ರೋಲ್ ಬಂಕ್ ಆಗಬಹುದು, ಊರೊಳಗಿನ ಬಸ್ ನಿಲ್ದಾಣ ಆಗಬಹುದು. ಕಾಡಿನ ಒಳಗೆ ಮಾತ್ರ ನಿಲ್ಲಿಸಿ ಮಲಗಬೇಡಿ. ಅದಕ್ಕೇ ಕಾಡು ಶುರುವಾಗುವ ಮುಂಚೆಯೇ ತೀರ್ಮಾನ ಮಾಡಬೇಕು.

ಇನ್ನೊಂದು ಮಾತು. ಬೆಳಿಗ್ಗೆ ಆರಕ್ಕೆ ಎದ್ದು, ಆಫೀಸು ಮುಗಿಸಿ, ರಾತ್ರಿ ಹತ್ತಕ್ಕೆ ಹೊರಟರೆ ಆಗಲೇ ಹದಿನಾರು ಗಂಟೆ ಎಚ್ಚರವಿದ್ದಾಗಿದೆ. ಶುಕ್ರವಾರದ ರಾತ್ರಿ ಪ್ರಯಾಣದ ನಿಜವಾದ ಕೇಡು ಇದು. ಮಲಗಿ ನಾಲ್ಕೂವರೆಗೆ ಎದ್ದು ಹೊರಡಿ. ಕಾಡು ಸಿಗುವ ಹೊತ್ತಿಗೆ ಬೆಳಕಾಗಿರುತ್ತದೆ.

ಕಾಫಿ ಕುಡಿದರೆ, ಹಾಡು ಜೋರಾಗಿ ಹಾಕಿದರೆ ಸಾಲದಾ?

ಹಾಡು, ತಣ್ಣನೆ ಗಾಳಿ, ಮುಖಕ್ಕೆ ನೀರು, ಇವೆಲ್ಲ ಕೆಲವೇ ನಿಮಿಷ. ಕಾಫಿ ಕೆಲಸ ಮಾಡುತ್ತದೆ, ಆದರೆ ಕುಡಿದ ತಕ್ಷಣ ಅಲ್ಲ, ಸುಮಾರು ಅರ್ಧ ಗಂಟೆ ಬೇಕು. ಹಾಗಾಗಿ ಕಾಫಿ ಕುಡಿದು, ಸೀಟು ಹಿಂದಕ್ಕೆ ಮಾಡಿ, ಅಲಾರಾಂ ಇಟ್ಟು 20 ನಿಮಿಷ ಮಲಗಿ. ಏಳುವ ಹೊತ್ತಿಗೆ ಕಾಫಿಯೂ ಹತ್ತಿರುತ್ತದೆ. ಎದ್ದ ಮೇಲೆ ಐದು ನಿಮಿಷ ಓಡಾಡಿ ಆಮೇಲೆ ಸ್ಟಾರ್ಟ್ ಮಾಡಿ. ಇದರಿಂದ ಒಂದೆರಡು ಗಂಟೆ ಸಿಗುತ್ತದೆ, ಇಡೀ ರಾತ್ರಿ ಅಲ್ಲ.

ಹೊಟ್ಟೆ ಬಿರಿಯ ಬಿರಿಯಾನಿ ತಿಂದು ಹೊರಡಬೇಡಿ. ನೆಗಡಿ ಮಾತ್ರೆ ನುಂಗಿದ್ದರೆ ಓಡಿಸಲೇಬೇಡಿ, ಅದರಲ್ಲಿ ಎಷ್ಟೋ ಮಾತ್ರೆಗಳು ಮಂಪರು ತರುತ್ತವೆ. ಕುಡಿದು ಓಡಿಸುವುದರ ಬಗ್ಗೆ ನಾನು ಹೇಳಬೇಕಾಗಿಲ್ಲ.

ಬೈಕಿನಲ್ಲಿ ಹೋಗುವವರಿಗೆ ಬೇರೆ ಏನಾದರೂ?

ಸಾಧ್ಯವಾದರೆ ರಾತ್ರಿ ಬೇಡವೇ ಬೇಡ. ಕಾರಿಗೆ ಬಂಪರ್ ಹೋಗುವ ಕಡೆ ಬೈಕಿನವರಿಗೆ ಜೀವ ಹೋಗುತ್ತದೆ. ಕಾಡುಹಂದಿ, ನಾಯಿ, ನವಿಲು, ಯಾವುದಾದರೂ ಸಾಕು. ಹೋಗಲೇಬೇಕಾದರೆ 40 ದಾಟಬೇಡಿ, ಎರಡೂ ಬ್ರೇಕ್ ಒಟ್ಟಿಗೆ ಹಿಡಿದು ನೇರವಾಗಿ ನಿಲ್ಲಿಸುವ ಅಭ್ಯಾಸ ಹಗಲಲ್ಲೇ ಮಾಡಿಕೊಳ್ಳಿ. ಹೆಲ್ಮೆಟ್ಟಿನ ಗಾಜು ಬಣ್ಣವಿಲ್ಲದ್ದೇ ಇರಲಿ. ಆನೆ ಇರುವ ದಾರಿಯಲ್ಲಿ ಸಂಜೆಯ ಮೇಲೆ ಒಬ್ಬರೇ ಬೈಕಿನಲ್ಲಿ ಹೋಗಬೇಡಿ. ಸುತ್ತ ಮರೆ ಅನ್ನುವುದೇ ಇಲ್ಲ.

ಕಾಡುಪ್ರಾಣಿ ಬಿಟ್ಟು ಬೇರೆ ಏನು ಅಡ್ಡ ಸಿಗುತ್ತದೆ?

ಎಮ್ಮೆ. ಕಪ್ಪು ರಸ್ತೆ, ಕಪ್ಪು ಎಮ್ಮೆ, ಕಪ್ಪು ರಾತ್ರಿ. ಮಂಡ್ಯ ಕಡೆ ಹಿಂದೆ ಒಂದು ರಿಫ್ಲೆಕ್ಟರ್ ಕೂಡ ಇಲ್ಲದ ಕಬ್ಬಿನ ಟ್ರ್ಯಾಕ್ಟರು, ಎತ್ತಿನ ಗಾಡಿ. ಸುಗ್ಗಿ ಕಾಲದಲ್ಲಿ ರಸ್ತೆಯ ಮೇಲೇ ಹುರುಳಿ, ರಾಗಿ ಒಕ್ಕಣೆ. ಸೊಪ್ಪಿನ ಮೇಲೆ ಬ್ರೇಕ್ ಹಿಡಿದರೆ ಗಾಡಿ ಜಾರುತ್ತದೆ, ಸುತ್ತ ಇಟ್ಟ ಕಲ್ಲನ್ನು ಎಷ್ಟೋ ಸಲ ತೆಗೆಯದೆ ಹೋಗಿರುತ್ತಾರೆ.

ಮನುಷ್ಯರನ್ನು ಮರೆಯಬೇಡಿ. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟ್ ರಾತ್ರಿ ಬರುವ ಕಡೆ ರೈತರು ನಡುರಾತ್ರಿ ಮೋಟಾರ್ ಹಾಕಲು ಹೋಗುತ್ತಾರೆ. ಕಾಡಂಚಿನ ಊರುಗಳಲ್ಲಿ ಬೆಳೆ ಕಾಯಲು ಅಟ್ಟಣೆಗೆ ಹೋಗುವವರು, ಬೆಳಗಿನ ಜಾವ ಡೈರಿಗೆ ಹಾಲು ಒಯ್ಯುವವರು, ಎಲ್ಲರೂ ರಸ್ತೆ ಅಂಚಿನಲ್ಲೇ ನಡೆಯುತ್ತಾರೆ. ಹೆಗಲ ಮೇಲೆ ಕಪ್ಪು ಕಂಬಳಿ, ಕೈಯಲ್ಲಿ ಒಂದು ಸಣ್ಣ ಟಾರ್ಚು. ಅದು ಅವರ ಊರು, ಅವರ ದಾರಿ.

ಪ್ರಾಣಿ ಓಡಿಸುವ ಸೀಟಿ, ಹಳದಿ ಕನ್ನಡಕ, ಮುಂದಿನ ಕಬ್ಬಿಣದ ಗಾರ್ಡ್, ಇವು ಹಾಕಿಸಬಹುದಾ?

ಬಂಪರಿಗೆ ಅಂಟಿಸುವ ಸೀಟಿಯಿಂದ ಪ್ರಾಣಿ ಸರಿಯುತ್ತದೆ ಅನ್ನುವುದಕ್ಕೆ ಗಟ್ಟಿ ಆಧಾರ ಇಲ್ಲ. ಹಳದಿ ಕನ್ನಡಕ ಹಾಕಿ ಪರೀಕ್ಷೆ ಮಾಡಿದಾಗ ರಾತ್ರಿ ಚೆನ್ನಾಗಿ ಕಾಣುತ್ತದೆ ಅಂತ ಕಂಡುಬಂದಿಲ್ಲ. ಕಬ್ಬಿಣದ ಗಾರ್ಡ್ ಹಾಕಿಸಬೇಡಿ. 2017ರ ಡಿಸೆಂಬರಿನಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ಅದರ ಮೇಲೆ ಕ್ರಮ ತಗೊಳ್ಳಿ ಅಂತ ರಾಜ್ಯಗಳಿಗೆ ಹೇಳಿದೆ. ಗುದ್ದಿದಾಗ ಏರ್‌ಬ್ಯಾಗ್ ಸರಿಯಾದ ಹೊತ್ತಿಗೆ ತೆರೆಯದೆ ಹೋಗಬಹುದು.

ಆ ದುಡ್ಡಿನಲ್ಲಿ ಹೊಸ ವೈಪರ್ ಬ್ಲೇಡ್ ಹಾಕಿಸಿ, ಹೆಡ್‌ಲೈಟಿನ ಮಟ್ಟ ಸರಿ ಮಾಡಿಸಿ, ಗಾಜನ್ನು ಒಳಗೂ ಹೊರಗೂ ಒರೆಸಿ. ಒಳಗಿನ ಜಿಡ್ಡು ಹಗಲು ಕಾಣುವುದಿಲ್ಲ, ರಾತ್ರಿ ಎದುರಿನ ಲೈಟ್ ಬಿದ್ದಾಗ ಇಡೀ ಗಾಜು ಬೆಳ್ಳಗಾಗುತ್ತದೆ. ವಯಸ್ಸಾದವರು ಕಣ್ಣಿನ ಪೊರೆ ಪರೀಕ್ಷೆ ಮಾಡಿಸಿಕೊಳ್ಳಿ.

ಡಿಕ್ಕಿ ಆಗಿಯೇ ಹೋಯಿತು. ಮೊದಲು ಏನು ಮಾಡಬೇಕು?

ಗಾಡಿ ಬದಿಗೆ ತಗೊಂಡು ನಾಲ್ಕೂ ಇಂಡಿಕೇಟರ್ ಹಾಕಿ. ಒಳಗಿರುವವರಿಗೆ ಪೆಟ್ಟಾಗಿದೆಯಾ ನೋಡಿ. ಆಗಿದ್ದರೆ 108ಕ್ಕೆ ಅಥವಾ 112ಕ್ಕೆ ಫೋನ್ ಮಾಡಿ. ಪ್ರಾಣಿಯ ಬಗ್ಗೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ತಿಳಿಸಿ. ಕಾಡಿನಲ್ಲಿ ಎಷ್ಟೋ ಕಡೆ ಸಿಗ್ನಲ್ ಇರುವುದಿಲ್ಲ. ಆಗ ಮುಂದಿನ ಚೆಕ್‌ಪೋಸ್ಟಿಗೆ ಹೋಗಿ ಹೇಳಿ. ಹತ್ತಿರದ ಕಿಲೋಮೀಟರ್ ಕಲ್ಲಿನ ನಂಬರ್ ನೋಡಿಕೊಂಡರೆ ಅವರಿಗೆ ಹುಡುಕಲು ಸುಲಭ.

ಗಾಯಗೊಂಡ ಪ್ರಾಣಿಯ ಹತ್ತಿರ ಹೋಗಬೇಡಿ. ಪಾಪ ಅನ್ನಿಸುತ್ತದೆ, ಗೊತ್ತು. ಆದರೆ ನೋವಿನಲ್ಲಿರುವ ಹಂದಿ ಕೋರೆಯಲ್ಲಿ ತಿವಿಯುತ್ತದೆ, ಚಿರತೆ ಸತ್ತ ಹಾಗೆ ಬಿದ್ದಿದ್ದು ಎದ್ದು ಹಾರುತ್ತದೆ. ಜಿಂಕೆ ಮನುಷ್ಯರನ್ನು ಹತ್ತಿರದಲ್ಲಿ ಕಂಡ ಗಾಬರಿಗೇ ಸಾಯುವುದುಂಟು. ಬಾಯಿಗೆ ನೀರು ಹಾಕಬೇಡಿ. ಗುಂಪು ಸೇರಿಸಬೇಡಿ. ಹೆಡ್‌ಲೈಟ್ ಮಾತ್ರ ಆರಿಸಿ, ದೂರ ನಿಂತು, ಬೇರೆ ಗಾಡಿಗಳು ಅದರ ಮೇಲೆ ಹೋಗದ ಹಾಗೆ ನಿಧಾನ ಮಾಡಿಸಿ. ಅಷ್ಟೇ ದೊಡ್ಡ ಉಪಕಾರ.

ತಿಳಿಸಿದರೆ ನನ್ನ ಮೇಲೇ ಕೇಸ್ ಹಾಕುವುದಿಲ್ಲವಾ?

ಈ ಹೆದರಿಕೆಯಿಂದಲೇ ಎಷ್ಟೋ ಜನ ಓಡಿಹೋಗುತ್ತಾರೆ. ಅಭಯಾರಣ್ಯದೊಳಗೆ ಅತಿ ವೇಗದಲ್ಲಿ ಹೋಗಿ ಪ್ರಾಣಿ ಸತ್ತರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕೇಸ್ ಆಗಬಹುದು, ಗಾಡಿ ವಶಕ್ಕೆ ಹೋಗಬಹುದು. ಇದು ನಿಜ. ಆದರೆ ಚೆಕ್‌ಪೋಸ್ಟಿನಲ್ಲಿ ಗಾಡಿ ನಂಬರು, ಕ್ಯಾಮೆರಾ ಎಲ್ಲ ಇದ್ದಾಗ ಓಡಿಹೋಗಿ ಸಿಕ್ಕಿಬಿದ್ದರೆ ಅದು ಇನ್ನೂ ಕೆಟ್ಟದ್ದು. ನಿಂತು, ತಿಳಿಸಿ, ಇದ್ದದ್ದು ಇದ್ದ ಹಾಗೆ ಹೇಳಿ. ಬದುಕಬಹುದಾಗಿದ್ದ ಪ್ರಾಣಿಗೆ ಪಶುವೈದ್ಯರು ಬರುವುದು ನೀವು ಹೇಳಿದರೆ ಮಾತ್ರ.

ಸತ್ತ ಪ್ರಾಣಿಯನ್ನು ಮುಟ್ಟಬೇಡಿ, ಒಯ್ಯಬೇಡಿ. ಕಾಡುಪ್ರಾಣಿ ಸತ್ತು ಸಿಕ್ಕರೂ, ಗೊತ್ತಿಲ್ಲದೆ ನಮ್ಮಿಂದ ಸತ್ತರೂ ಅದೇ ಕಾಯ್ದೆಯ 39ನೇ ಕಲಂ ಪ್ರಕಾರ ಅದು ಸರ್ಕಾರದ ಸ್ವತ್ತು. ಹೇಗೋ ಕೈಗೆ ಬಂದಿದ್ದರೆ 48 ಗಂಟೆಯೊಳಗೆ ಪೊಲೀಸ್ ಠಾಣೆಗೋ ಅಧಿಕಾರಿಗಳಿಗೋ ತಿಳಿಸಬೇಕು. "ಹೇಗೂ ಸತ್ತಿದೆಯಲ್ಲ" ಅಂತ ಮಾಂಸ ತಗೊಂಡು ಹೋದರೆ ಅಪಘಾತ ಅನ್ನುವುದು ಅಪರಾಧ ಆಗುತ್ತದೆ.

ಇನ್ಶೂರೆನ್ಸ್ ಸಿಗುತ್ತದಾ?

ಥರ್ಡ್ ಪಾರ್ಟಿ ಮಾತ್ರ ಇದ್ದರೆ ನಿಮ್ಮ ಗಾಡಿಯ ರಿಪೇರಿಗೆ ಸಿಗುವುದಿಲ್ಲ. ಕಾಂಪ್ರಹೆನ್ಸಿವ್ ಇದ್ದರೆ ಸಾಮಾನ್ಯವಾಗಿ ಸಿಗುತ್ತದೆ. ಗಾಡಿ ಅಲುಗಿಸುವ ಮುಂಚೆ, ಜಾಗ ಸುರಕ್ಷಿತವಾಗಿದ್ದರೆ ಮಾತ್ರ, ಫೋಟೋ ತೆಗೆಯಿರಿ. ಬೇಗ ತಿಳಿಸಿ. ಸರ್ವೇಯರ್ ನೋಡುವ ಮುಂಚೆ ರಿಪೇರಿಗೆ ಕೊಡಬೇಡಿ.

ಕಪ್ಪೆ, ಹಾವು, ಹಕ್ಕಿಗೆಲ್ಲ ಬ್ರೇಕ್ ಹಾಕುತ್ತಾ ಕೂತರೆ ಮನೆ ಸೇರುವುದು ಯಾವಾಗ?

40ರಲ್ಲಿ ಹೋದರೆ ಬ್ರೇಕ್ ಹಾಕುವ ಪ್ರಮೇಯವೇ ಅಷ್ಟಾಗಿ ಬರುವುದಿಲ್ಲ, ಅವೇ ಸರಿಯುತ್ತವೆ. ನೈಟ್‌ಜಾರ್ ಹಕ್ಕಿ ರಸ್ತೆಯ ಮೇಲೇ ಕೂತಿರುತ್ತದೆ. ಕಿಡಿಯ ಹಾಗೆ ಕೆಂಪಗೆ ಕಣ್ಣು ಕಾಣುತ್ತದೆ, ಕೊನೆಯ ಗಳಿಗೆಯಲ್ಲಿ ಹಾರುತ್ತದೆ. ಆ ಒಂದು ಗಳಿಗೆ ಕೊಟ್ಟರೆ ಸಾಕು.

ಮೊದಲ ಮಳೆಯ ರಾತ್ರಿಗಳಲ್ಲಿ ಮಾತ್ರ ವಿಶೇಷವಾಗಿ ಬೇಡಿಕೊಳ್ಳುತ್ತೇನೆ. ಗೆದ್ದಲಿಗೆ ರೆಕ್ಕೆ ಬಂದು ಏಳುತ್ತದೆ. ಅದನ್ನು ತಿನ್ನಲು ಕಪ್ಪೆ ರಸ್ತೆಗೆ ಬರುತ್ತವೆ. ಕಪ್ಪೆಗೆ ಹಾವು ಬರುತ್ತವೆ. ಮಲೆನಾಡಿನ ರಸ್ತೆಯಲ್ಲಿ ಒಂದೇ ರಾತ್ರಿಗೆ ಎಷ್ಟು ಜೀವ ಅಪ್ಪಚ್ಚಿಯಾಗುತ್ತದೆ ಅಂತ ಬೆಳಿಗ್ಗೆ ನಡೆದು ನೋಡಿದವರಿಗೆ ಗೊತ್ತು. ಪಶ್ಚಿಮ ಘಟ್ಟದ ಕಪ್ಪೆಗಳಲ್ಲಿ ಎಷ್ಟೋ ಜಾತಿ ಲೋಕದಲ್ಲಿ ಬೇರೆಲ್ಲೂ ಇಲ್ಲ.

ಇಷ್ಟೆಲ್ಲ ಗೊತ್ತಿದ್ದೂ ರಾತ್ರಿ ಹೋಗಲೇಬೇಕಾದಾಗ ನೀವು ಏನು ಮಾಡುತ್ತೀರಿ?

ಹುಣಸೂರಿನಲ್ಲಿ ಕಡ್ಡಾಯವಾಗಿ ನಿಲ್ಲಿಸುತ್ತೇನೆ. ಗಾಜು, ಲೈಟು ಒರೆಸುತ್ತೇನೆ. ಒಂದು ಕಾಫಿ. ಆಮೇಲೆ ಗಡಿಯಾರ ನೋಡಿ, ಎದ್ದು ಎಷ್ಟು ಗಂಟೆ ಆಯಿತು ಅಂತ ಬೆರಳಲ್ಲಿ ಎಣಿಸುತ್ತೇನೆ. ಹದಿನಾರು ದಾಟಿದ್ದರೆ ಮುಂದೆ ಹೋಗುವುದಿಲ್ಲ. ಬಸ್ ನಿಲ್ದಾಣದ ಹತ್ತಿರ ರೂಮ್ ಮಾಡಿ ಅಮ್ಮನಿಗೆ ಫೋನ್ ಮಾಡುತ್ತೇನೆ. "ಅಮ್ಮ, ಇಲ್ಲೇ ಉಳೀತೀನಿ, ಬೆಳಿಗ್ಗೆ ತಿಂಡಿಗೆ ಬರ್ತೀನಿ." ಮೊದಮೊದಲು ಬೇಜಾರು ಮಾಡಿಕೊಳ್ಳುತ್ತಿದ್ದರು. ಈಗ ನಾನು ಹುಣಸೂರು ಅನ್ನುವಷ್ಟರಲ್ಲೇ "ಸರಿ, ಮಲಕ್ಕೋ, ಅಕ್ಕಿ ನೆನೆಹಾಕಿದೀನಿ" ಅನ್ನುತ್ತಾರೆ.